ಮಿಗ್ದಾಲಿಯಾ ಚಿಕ್ಕಮ್ಮನ ಗುರುಗ್ರಹ

ನಮ್ಮ ಬೀದಿಯಲ್ಲಿ ಯಾರ ಲೈಟರ್ ಕೈಕೊಟ್ಟರೂ ಅದು ಹೋಗುವುದು ಮಿಗ್ದಾಲಿಯಾ ಚಿಕ್ಕಮ್ಮನ ಬಾಗಿಲಿಗೆ. ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಮೇಜು. ಅದರ ಮೇಲೆ ಗ್ಯಾಸ್ ಡಬ್ಬಿ, ಸೂಜಿಮೂತಿಯ ಕೊಳವೆ, ಬೆಂಕಿಕಲ್ಲಿನ ಚೂರುಗಳಿರುವ ಒಂದು ಮುಚ್ಚಳ. ಗ್ಯಾಸ್ ಮುಗಿದರೆ ಬಿಸಾಡಬೇಕಾದ ಲೈಟರಿಗೂ ಅವರು ಅಡಿಯಲ್ಲಿ ತೂತು ಕೊರೆದು, ಗ್ಯಾಸ್ ತುಂಬಿ, ತೂತು ಮುಚ್ಚಿ, ಕಲ್ಲು ಬದಲಿಸಿ ಕೊಡುತ್ತಾರೆ. ಅವರ ಅಪ್ಪನೂ ಇದೇ ಮೇಜಿನಲ್ಲಿ ಇದೇ ಕೆಲಸ ಮಾಡುತ್ತಿದ್ದರಂತೆ. ಕ್ಯೂಬಾದ ಉತ್ತರ ದಂಡೆಯ ನಮ್ಮಂಥ ಸಣ್ಣ ಊರಿನಲ್ಲಿ ಒಂದು ಲೈಟರ್ ಅದೆಷ್ಟೋ ಸಲ ಸತ್ತು ಹುಟ್ಟುತ್ತದೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಬೀದಿಯಲ್ಲಿ ಚಿಕ್ಕವರೆಲ್ಲ ಅವರನ್ನು ಚಿಕ್ಕಮ್ಮ ಎನ್ನುತ್ತಾರೆ, ನಾನೂ ಎನ್ನುತ್ತೇನೆ. ನಾನು ಶಾಲೆ ಬಿಟ್ಟಾಗ ಎದುರು ಸಿಕ್ಕಿದವರೆಲ್ಲ ಯಾಕೆ ಬಿಟ್ಟೆ ಎಂದು ಕೇಳಿದರು. ಚಿಕ್ಕಮ್ಮ ಕೇಳಲಿಲ್ಲ. "ಬಿಸಿಲಲ್ಲಿ ಯಾಕೆ ನಿಂತಿದೀಯ, ಒಳಗೆ ಬಾ" ಎಂದರು, ಅಷ್ಟೇ. ಆ ಋಣ ನನ್ನ ಮೇಲಿದೆ. ಅದಕ್ಕಾಗಿಯೇ ಇಲ್ಲಿ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕಾಣದ್ದನ್ನು ಕಂಡವರ ಬಳಿ ಮತ್ತೆ ಮತ್ತೆ ಕೇಳಿ ಬರೆದಿದ್ದೇನೆ.

ಚಿಕ್ಕಮ್ಮನ ತಾರಸಿಯ ಮೇಲೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಗೋಣಿ ಹೊದ್ದುಕೊಂಡು ಒಂದು ದೂರದರ್ಶಕ ನಿಂತಿರುತ್ತದೆ. ಅದನ್ನು ಮಾಡಿದ್ದು ಅವರೇ. ಒಡೆದುಹಾಕಿದ ಹಡಗಿನ ದುಂಡು ಕಿಟಕಿಯ ದಪ್ಪ ಗಾಜನ್ನು ಇನ್ನೊಂದು ಗಾಜಿನ ಮೇಲಿಟ್ಟು, ನಡುವೆ ಉಜ್ಜುಪುಡಿ ಮತ್ತು ನೀರು ಹಾಕಿ, ಇಡೀ ಚಳಿಗಾಲ ಉಜ್ಜಿ ಉಜ್ಜಿ ತಟ್ಟೆಯಂತೆ ತಗ್ಗು ಮಾಡಿದರು. ಅದೇ ಅದರ ಕನ್ನಡಿ. ಕೊಳವೆ ನೀರಿನ ಪೈಪಿನದು. ಕಾಲು ಹಳೆಯ ಹೊಲಿಗೆ ಯಂತ್ರದ್ದು. ಕಣ್ಣಿಡುವ ಜಾಗಕ್ಕೆ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಕಂಪ್ಯೂಟರಿನ ಮುಂದೆ ಕೂತು ದೂರದವರ ಜೊತೆ ಮುಖ ನೋಡಿ ಮಾತಾಡುವವರು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಅದರ ಮುಂದಿನ ಮಸೂರ ಬಿಚ್ಚಿ ತೆಗೆದು, ಹಳೇ ಕಾಲದ ಫೋಟೋ ರೀಲಿನ ಕಪ್ಪು ಡಬ್ಬಿಯ ಹಿಂಬದಿಗೆ ಅಂಟಿಸಿದ್ದಾರೆ. ಆ ಡಬ್ಬಿ ದೂರದರ್ಶಕದ ಕಣ್ಣಿಡುವ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ.

ಇದರಲ್ಲಿ ಅವರು ಶನಿ, ಮಂಗಳ, ಗುರು ಗ್ರಹಗಳ ಚಿತ್ರ ತೆಗೆಯುತ್ತಿದ್ದರು. ವರ್ಷಗಳಿಂದ ತೆಗೆಯುತ್ತಿದ್ದರು, ಒಬ್ಬರೇ. ಯಾರಾದರೂ ಕುತೂಹಲದಿಂದ ಮೇಲೆ ಹತ್ತಿ ಹೋದರೆ ಕ್ಯಾಮೆರಾ ಬಿಚ್ಚಿ ಕಣ್ಣಿಡಲು ಬಿಡುತ್ತಿದ್ದರು. ಕಣ್ಣಿಟ್ಟರೆ ಕಾಣುತ್ತಿದ್ದುದು ಇಷ್ಟೇ: ಹರಿಯುವ ನೀರಿನ ತಳದಲ್ಲಿ ಬಿದ್ದ ಒಂದು ಬಿಳಿ ಕಡಲೆಕಾಳು, ನಡುಗುತ್ತಿರುವ ಹಾಗೆ. ನೋಡಿದವರು "ಚೆನ್ನಾಗಿದೆ" ಎಂದು ಇಳಿದು ಬರುತ್ತಿದ್ದರು. ಎರಡನೇ ಸಲ ಯಾರೂ ಹತ್ತುತ್ತಿರಲಿಲ್ಲ.

ಈ ವರ್ಷ ಊರಿನ ವಾರ್ಷಿಕೋತ್ಸವಕ್ಕೆ ಗ್ರಂಥಾಲಯದ ಹಜಾರದಲ್ಲಿ ಊರವರ ಕೈಕೆಲಸಗಳ ಪ್ರದರ್ಶನ ಇಡುವುದೆಂದಾಯಿತು. ಗ್ರಂಥಾಲಯ ನೋಡಿಕೊಳ್ಳುವ ರೇನೇರಿಯೊ ಮೇಷ್ಟ್ರು ಚಿಕ್ಕಮ್ಮನ ಬಳಿ ಬಂದು ಗುರುಗ್ರಹದ ಒಂದು ಚಿತ್ರ ಕೇಳಿದರು. ಅವರು ಕಳೆದ ವರ್ಷ ತೆಗೆದದ್ದನ್ನು ಕೊಟ್ಟರು. ದೊಡ್ಡದಾಗಿ ಅಚ್ಚು ಹಾಕಿಸಿ, ಕಂದು ಪಟ್ಟಿಗಳೂ ಕೆಂಪು ಮಚ್ಚೆಯೂ ಇರುವ ಆ ಗ್ರಹವನ್ನು ಗೋಡೆಗೆ ತೂಗುಹಾಕಿ, ಕೆಳಗೆ 'ಛಾಯಾಚಿತ್ರ: ಮಿಗ್ದಾಲಿಯಾ ರೆನ್ಸೋಲಿ' ಎಂದು ಬರೆದರು. ಹಬ್ಬದ ಶನಿವಾರಕ್ಕೆ ಇನ್ನೂ ದಿನಗಳಿದ್ದವು.

ಅಷ್ಟರಲ್ಲಿ ಕಸಿಲ್ದಾ ಅಜ್ಜಿ ಪತ್ರಿಕೆ ಓದಲು ಗ್ರಂಥಾಲಯಕ್ಕೆ ಹೋದರು.

ಕಸಿಲ್ದಾ ಅಜ್ಜಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರ್ಧ ಊರಿಗೆ ಬಡಿಸಿದ ಕೈ. ಆ ದೊಡ್ಡ ಹಂಡೆಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು. ಅವರು ಗ್ರಂಥಾಲಯದಲ್ಲಿ ಆಡಿದ್ದು ಹೊರಗಿನ ಚೌಕದವರೆಗೂ ಕೇಳಿಸಿತು.

"ರೇನೇರಿಯೊ, ಮಗನೇ, ಇದನ್ನ ಯಾವ ಇಂಟರ್ನೆಟ್ಟಿಂದ ಇಳಿಸಿದ್ರಿ?"

"ಇದು ಮಿಗ್ದಾಲಿಯಾ ತೆಗೆದದ್ದು, ಕಸಿಲ್ದಮ್ಮ."

"ಅವಳ ಪೈಪಲ್ಲಿ ನಾನೂ ಬಗ್ಗಿ ನೋಡಿದೀನಿ ಕಣೋ. ಸೊಂಟ ಹಿಡ್ಕೊಳ್ಳೋ ತನಕ ನೋಡಿದೀನಿ. ಕಡಲೆಕಾಳು! ಅದೂ ಜ್ವರ ಬಂದಂಗೆ ನಡುಗ್ತಿತ್ತು. ಅದೇ ಪೈಪು, ಅದೇ ಗ್ರಹ. ನನ್ನ ಕಣ್ಣಿಗೆ ಕಡಲೆಕಾಳು, ಅವಳ ಕ್ಯಾಮೆರಾಕ್ಕೆ ಕಲ್ಲಂಗಡಿ ಹಣ್ಣಾ?"

ಅವರ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕಣ್ಣನ್ನು ಯಾರಾದರೂ ಅನುಮಾನಿಸಿದರೆ ಸಹಿಸುತ್ತಿರಲಿಲ್ಲ. ಕಂಡದ್ದನ್ನು ಹೇಳಿದರು. ಆದರೆ ಅವರು ಹೇಳಿದ್ದನ್ನು ಊರು ಇನ್ನಷ್ಟು ಬೆಳೆಸಿತು.

ನಮ್ಮ ಬೀದಿಯ ಯೋಸ್ಬೆಲ್, ವಿದ್ಯುತ್ ಸ್ಕೂಟರಿನಲ್ಲಿ ಜನರನ್ನು ಕೂರಿಸಿಕೊಂಡು ಓಡಾಡುವವನು, ಲೈಟರ್ ತಂದಿಟ್ಟು ಹಲ್ಲು ಕಿರಿದ.

"ಚಿಕ್ಕಮ್ಮಾ, ಇದಕ್ಕೆ ಗ್ಯಾಸ್ ತುಂಬ್ತೀರೋ, ಇಂಟರ್ನೆಟ್ ತುಂಬ್ತೀರೋ?"

"ನಿನ್ನ ತಲೆಗೆ ಎರಡರಲ್ಲಿ ಯಾವುದು ತುಂಬಿದ್ರೂ ಲಾಭ" ಎಂದರು ಚಿಕ್ಕಮ್ಮ.

ಅದು ತಮಾಷೆ. ತಮಾಷೆಯಲ್ಲದ್ದೂ ಒಂದು ನಡೆಯಿತು. ಜನ ಯಾವಾಗಲೂ ಲೈಟರನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋಗಿ ಬರುವಾಗ ಒಯ್ಯುತ್ತಿದ್ದರು. ಆ ವಾರ ಮೇಲಿನ ಬೀದಿಯ ಹೆಂಗಸೊಬ್ಬರು ಬಂದು, ಇಟ್ಟು ಹೋಗದೆ, ಚಿಕ್ಕಮ್ಮನ ಕೈಯನ್ನೇ ನೋಡುತ್ತ ಕೊನೆಯವರೆಗೂ ನಿಂತರು. ಮರುದಿನ ಇನ್ನೊಬ್ಬರು. ಗ್ಯಾಸ್ ಪೂರ್ತಿ ತುಂಬುತ್ತಾರೋ ಇಲ್ಲವೋ ಎಂದು ಚಿಕ್ಕಮ್ಮನ ಮೇಜಿನ ಮುಂದೆ ಯಾರಾದರೂ ಕಾವಲು ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರೂ ನೋಡಿರಲಿಲ್ಲ. ಎರಡನೆಯವರು ಹೋದ ಮೇಲೆ ಚಿಕ್ಕಮ್ಮ ಸುಮ್ಮನೆ ಕೈ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಆ ಸಂಜೆ ರೇನೇರಿಯೊ ಮೇಷ್ಟ್ರು ಬಂದರು. ಮುಖ ಮೇಲೆತ್ತಲು ಅವರಿಗೆ ಆಗಲಿಲ್ಲ.

"ಮಿಗ್ದಾಲಿಯಾ, ತಪ್ಪು ತಿಳ್ಕೋಬೇಡಿ. ಸದ್ಯಕ್ಕೆ ಚಿತ್ರ ಇಳಿಸಿ ಒಳಗಿಟ್ಟಿದೀನಿ. ಬಂದವರೆಲ್ಲ ಅದನ್ನೇ ಕೇಳ್ತಾರೆ. ಶನಿವಾರದೊಳಗೆ ಜನರಿಗೆ ಸಮಾಧಾನ ಆದ್ರೆ ಮತ್ತೆ ಹಾಕೋಣ."

"ಆಗದಿದ್ರೆ?"

ಮೇಷ್ಟ್ರು ಮೇಜಿನ ಮೇಲಿನ ಒಂದು ಲೈಟರ್ ಎತ್ತಿ ಮತ್ತೆ ಅಲ್ಲೇ ಇಟ್ಟರು. ಚಿಕ್ಕಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿ, ಸೀದಾ ಎದುರುಮನೆಗೆ ಹೋದರು. ಕಸಿಲ್ದಾ ಅಜ್ಜಿ ಬಾಗಿಲಲ್ಲಿ ಕೂತು ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಪಡಿತರದ ಅಕ್ಕಿ, ಕಲ್ಲು, ಹೊಟ್ಟು ಎಲ್ಲ ಇರುತ್ತದೆ.

"ಕಸಿಲ್ದಾ, ಅದು ಒಂದು ಫೋಟೋ ಅಲ್ಲ. ವಿಡಿಯೊ ತೆಗೀತೀನಿ. ಅದರೊಳಗೆ ಸಾವಿರಾರು ಫೋಟೋ ಇರ್ತವೆ. ಅವನ್ನ ಒಂದರ ಮೇಲೊಂದು ಸೇರಿಸಿದ್ರೆ..."

"ಸಾವಿರಾರು ಕಡಲೆಕಾಳು ಸೇರಿಸಿದ್ರೆ ಕಡಲೆ ಮೂಟೆ ಆಗುತ್ತೆ, ಕಲ್ಲಂಗಡಿ ಆಗಲ್ಲ."

"ನಾನು ಸುಳ್ಳು ಹೇಳ್ತೀನಾ?"

ಅಜ್ಜಿಯ ಬೆರಳು ತಟ್ಟೆಯಲ್ಲಿ ನಿಂತಿತು. "ನೀನು ಸುಳ್ಳಿ ಅಂತ ನಾನು ಹೇಳಿಲ್ಲ ಕಣೇ. ನನ್ನ ಕಣ್ಣು ಸುಳ್ಳಲ್ಲ ಅಂತ ಹೇಳ್ದೆ. ಈಗ ಎರಡೂ ಹೇಗೆ ಸರಿ ಆಗುತ್ತೋ ನೀನೇ ಹೇಳು."

"ನಾಳೆ ಸಂಜೆ ತಾರಸಿಗೆ ಬಾ. ನಿನ್ನ ಕಣ್ಣೆದುರಿಗೇ ತೆಗೀತೀನಿ."

"ಬರ್ತೀನಿ. ಒಬ್ಬಳೇ ಅಲ್ಲ, ಬೀದಿಗೆಲ್ಲ ಹೇಳೇ ಬರ್ತೀನಿ."

ಗುರು ಆ ದಿನಗಳಲ್ಲಿ ಹೊತ್ತು ಮುಳುಗುತ್ತಿದ್ದಂತೆ ನೆತ್ತಿಯ ಹತ್ತಿರವೇ ಕಾಣಿಸಿಕೊಳ್ಳುತ್ತಿದ್ದ. ಕೆಟ್ಟ ಹೊತ್ತೂ ಅದೇ. ಹಗಲೆಲ್ಲ ಕಾದ ಸಿಮೆಂಟು ತಾರಸಿಗಳು ಆಗ ಬಿಸಿ ಕಕ್ಕುತ್ತವೆ. ಕರೆಂಟ್ ಹೋದ ದಿನವಾದರೆ ಪ್ರತಿ ತಾರಸಿಯ ಮೇಲೂ ಇದ್ದಿಲು ಒಲೆ ಹತ್ತುತ್ತದೆ. ಆ ಬಿಸಿಗಾಳಿಯ ಮೂಲಕ ನೋಡಿದರೆ ಯಾವ ಗ್ರಹವೂ ನೆಟ್ಟಗೆ ನಿಲ್ಲುವುದಿಲ್ಲ. ನಾವೆಲ್ಲ ಉಂಡು ಒಲೆಗಳು ಆರಿದ ಮೇಲೆಯೇ ಚಿಕ್ಕಮ್ಮ ಚಿತ್ರ ತೆಗೆಯುತ್ತಿದ್ದರು. ಅಷ್ಟು ಹೊತ್ತಿನವರೆಗೆ ಕಾಯಲು ಬೀದಿಯವರು ಒಪ್ಪಲಿಲ್ಲ. ಕತ್ತಲಲ್ಲಿ ಏನು ಬೇಕಾದರೂ ಮಾಡಬಹುದಲ್ಲ ಎಂದರು ಕೆಲವರು.

ಮರುದಿನ ಮಧ್ಯಾಹ್ನವೇ ಕರೆಂಟ್ ಹೋಯಿತು. ಚಿಕ್ಕಮ್ಮ ಮೇಜು ಮುಚ್ಚಿ ಮನೆ ಮನೆಗೆ ಹೋದರು. "ಸಂಜೆ ನಾನು ಮುಗೀತು ಅನ್ನೋ ತನಕ ಒಲೆ ಹಚ್ಚಬೇಡಿ" ಎಂದು ಕೇಳಿಕೊಂಡರು. ಕೇಳಿಕೊಳ್ಳುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ನನಗೂ ಹಾಗೆಯೇ ಕಷ್ಟ. ಎಲ್ಲರೂ ಒಪ್ಪಿದರು. ಅರ್ಧ ಜನ ಪ್ರೀತಿಯಿಂದ, ಅರ್ಧ ಜನ ಏನಾಗುತ್ತದೋ ನೋಡೋಣ ಎಂದು.

"ಕಪ್ಪು ಕಾಳು ಬೇಯಕ್ಕೆ ಎಷ್ಟು ಹೊತ್ತು ಬೇಕು ಗೊತ್ತಾ?" ಎಂದರು ಕಸಿಲ್ದಾ ಅಜ್ಜಿ. "ಹೋಗ್ಲಿ, ಹಚ್ಚಲ್ಲ. ಆಮೇಲೆ ನನ್ನ ಒಲೆ ನೆಪ ಹೇಳಬೇಡ."

ಸೂರ್ಯ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ತಾರಸಿ ತುಂಬಿತ್ತು. ಚಿಕ್ಕಮ್ಮನ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತದ್ದು. ಅದಕ್ಕಾಗಿ ಯೋಸ್ಬೆಲ್ ತನ್ನ ಸ್ಕೂಟರಿನ ಬ್ಯಾಟರಿ ಬಿಚ್ಚಿ ಹೊತ್ತು ತಂದು ಇನ್ವರ್ಟರಿಗೆ ಜೋಡಿಸಿಕೊಟ್ಟ. ಲೇವಡಿ ಮಾಡಿದವನೇ ಅವನು. ಬೆಳಿಗ್ಗೆ ಗಿರಾಕಿ ಬಂದರೆ ಏನು ಮಾಡುತ್ತೀಯ ಎಂದು ಯಾರೋ ಕೇಳಿದ್ದಕ್ಕೆ, "ತಳ್ಕೊಂಡು ಹೋಗ್ತೀನಿ, ಗಿರಾಕಿ ಮೇಲೆ ಕೂತ್ಕೊಂಡಿರ್ಲಿ" ಎಂದ.

ಸಹಾಯ ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ತಾರಸಿಯ ಬಿಸಿಯೇ ಶತ್ರು ಎಂದು ಚಿಕ್ಕಮ್ಮ ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು. ಅವರು ಕೊಳವೆಯನ್ನು ಗುರುವಿನ ಕಡೆ ತಿರುಗಿಸುತ್ತಿರುವಾಗ, ಹಿಂದಿನಿಂದ ಯೋಸ್ಬೆಲ್ ತೊಟ್ಟಿಯ ನೀರು ಬಕೆಟ್‌ಗಟ್ಟಲೆ ತಾರಸಿಗೆ ಸುರಿದ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಅವನು ಸುರಿದದ್ದು ಚಿಕ್ಕಮ್ಮ ಕೂಡಿಟ್ಟದ್ದು. ಕಾದ ಸಿಮೆಂಟಿನಿಂದ ಬಿಸಿ ಆವಿ ಎದ್ದಿತು. ಪರದೆಯ ಮೇಲೆ ಆಗಷ್ಟೇ ಕಾಣಿಸಿಕೊಂಡ ಗುರು, ಕುದಿಯುವ ಸಾರಿನಲ್ಲಿ ಬಿದ್ದ ಟೊಮೇಟೊ ಹಾಗೆ ಉರುಳಾಡತೊಡಗಿದ.

"ಕಡಲೆಕಾಳೂ ಹೋಯ್ತಲ್ಲ" ಎಂದರು ಯಾರೋ.

"ಯೋಸ್ಬೆಲ್, ನನ್ನ ಬಂಗಾರ, ಬಕೆಟ್ ಕೆಳಗಿಡು" ಎಂದರು ಚಿಕ್ಕಮ್ಮ. ದನಿ ಏರಿಸಲಿಲ್ಲ. ಆದರೆ ಮುಖ ಬಿಳಿಚಿಕೊಂಡಿತ್ತು.

"ತಣ್ಣಗಾಗ್ಲಿ ಅಂತ ಚಿಕ್ಕಮ್ಮಾ..."

"ಗೊತ್ತು ಕಣೋ. ಕೂತ್ಕೊ."

ವಿಡಿಯೊ ಓಡುತ್ತಲೇ ಇತ್ತು. ಅವರು ನಿಲ್ಲಿಸಲಿಲ್ಲ, ನಿಲ್ಲಿಸಿ ಮತ್ತೆ ಹಚ್ಚಿದರೆ ಬ್ಯಾಟರಿ ಕೈಕೊಟ್ಟೀತೆಂಬ ಭಯ. ನಾವು ಒದ್ದೆ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತು ಪರದೆ ನೋಡಿದೆವು. ಮೊದಲು ಆವಿ ಹೋಯಿತು. ಆಮೇಲೆ ಕಾಲಿಗೆ ತಂಪು ಹತ್ತಿತು. ಸಮುದ್ರದ ಗಾಳಿ ನಿಧಾನವಾಗಿ, ಒಂದೇ ಸಮನೆ ಬೀಸತೊಡಗಿತು. ಉರುಳಾಡುತ್ತಿದ್ದ ಗುರು ತೂಗಾಡಿದ, ಆಮೇಲೆ ಬರೀ ನಡುಗಿದ, ಆಮೇಲೆ ನಡುವೆ ನಡುವೆ ಒಂದು ಕ್ಷಣ ಗಪ್ಪನೆ ನಿಂತ. ನಿಂತಾಗ ಎರಡು ಗೆರೆ ಕಂಡವು. ಅಷ್ಟು ಬೇಗ ತಾರಸಿ ಎಂದೂ ತಣಿದಿರಲಿಲ್ಲ ಎಂದು ಆಮೇಲೆ ಚಿಕ್ಕಮ್ಮ ನನಗೆ ಹೇಳಿದರು. ಆಗ ಅವರು ಸಾಕಾಗುವಷ್ಟು ತೆಗೆದು, ಕಂಪ್ಯೂಟರಿಗೆ ಕೊಟ್ಟರು.

ತಪ್ಪಾದದ್ದು ಅಲ್ಲಿ. ಒಬ್ಬರೇ ಇದ್ದಾಗ ಅವರು ಕೆಟ್ಟ ಭಾಗವನ್ನೆಲ್ಲ ಮೊದಲು ಕತ್ತರಿಸಿ ಎಸೆದು, ಉಳಿದದ್ದನ್ನು ಮಾತ್ರ ಯಂತ್ರಕ್ಕೆ ಕೊಡುತ್ತಿದ್ದರು. ಇಷ್ಟು ಜನ ಬೆನ್ನ ಹಿಂದೆ ಉಸಿರಾಡುತ್ತಿರುವಾಗ ಗಡಿಬಿಡಿಯಲ್ಲಿ ಇಡೀ ವಿಡಿಯೊ ಕೊಟ್ಟುಬಿಟ್ಟರು. ಸ್ಪಷ್ಟವಾದವನ್ನು ಆರಿಸಿಕೊಳ್ಳಬೇಕಾದ ಪ್ರೋಗ್ರಾಮು, ಆವಿಯ ನಡುಕವನ್ನೇ ಗೆರೆಗಳೆಂದು ತಿಳಿದು ಆ ಚಿತ್ರಗಳನ್ನೇ ಆರಿಸಿತು. ಕೊನೆಗೆ ಪರದೆಯ ಮೇಲೆ ಬಂದದ್ದು ಸುಕ್ಕುಸುಕ್ಕಾದ ಒಂದು ಉಂಡೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಎದುರು ತಾರಸಿಯಿಂದ ಯಾರೋ, "ಇನ್ನು ಒಲೆ ಹಚ್ಚಬಹುದಾ?" ಎಂದು ಕೂಗಿದರು.

ಚಿಕ್ಕಮ್ಮ ವಿಡಿಯೊವನ್ನು ಮತ್ತೆ ತೆರೆದು, ಒಂದೊಂದೇ ಚಿತ್ರವನ್ನು ಕೈಯಿಂದ ಮುಂದೆ ಸರಿಸತೊಡಗಿದರು. ಮಂಕು. ಮಂಕು. ಸೊಟ್ಟ. ಮಂಕು. ಕಸಿಲ್ದಾ ಅಜ್ಜಿ ಕನ್ನಡಕ ಏರಿಸಿಕೊಂಡು ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ನಿಲ್ಲು! ಹಿಂದೆ ಹೋಗು. ಅಷ್ಟಲ್ಲ, ಒಂದು. ಹಾಂ, ಇದು ಅಕ್ಕಿ."

"ಏನಂದೆ?"

"ಇದು ಅಕ್ಕಿ ಕಣೇ, ಇನ್ನೆಲ್ಲ ಕಲ್ಲು. ತೆಗೆದಿಡು ಆ ಕಡೆ. ನಡಿ ಮುಂದೆ."

ಚಿಕ್ಕಮ್ಮ ತಿರುಗಿ ಅವರ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು ತಾವು ಪಕ್ಕದಲ್ಲಿ ಮಂಡಿಯೂರಿ ಕೂತರು. ಕಸಿಲ್ದಾ ಅಜ್ಜಿ ಕೂತರು. ಒಂದು ಬಾರಿ ಹೇಗೆ ಒತ್ತುವುದೆಂದು ಕೇಳಿಕೊಂಡರು. ಆಮೇಲೆ ಅವರ ಬೆರಳು ನಿಲ್ಲಲಿಲ್ಲ. "ಕಲ್ಲು. ಕಲ್ಲು. ಹೊಟ್ಟು. ಕಲ್ಲು. ಅಕ್ಕಿ. ಇದು ನುಚ್ಚು, ಬೇಕಾ?" "ನುಚ್ಚೂ ಇರಲಿ." "ಬೇಡ. ಇಟ್ರೆ ಒಳ್ಳೇದನ್ನೇ ಇಡು." ಸುತ್ತ ನಿಂತವರೂ ಶುರು ಮಾಡಿದರು: ಅದು ಅಕ್ಕಿ, ಅಲ್ಲ ಕಲ್ಲು, ನಿನ್ನ ಕಣ್ಣಿಗೆ ಏನಾಗಿದೆ. ಅಜ್ಜಿ ಯಾರ ಮಾತೂ ಕೇಳಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಒಂದು ಸಲ ನಾನು ಮೆಲ್ಲಗೆ "ಅಕ್ಕಿ" ಎಂದೆ. ಅದು ಅಕ್ಕಿಯೇ ಆಗಿತ್ತು.

ಯೋಸ್ಬೆಲ್ ತನ್ನ ಬ್ಯಾಟರಿಯ ಮೇಲೆ ಕೈಯಿಟ್ಟು ಕೂತಿದ್ದ, ಹಾಗೆ ಕೂತರೆ ಹೆಚ್ಚು ಹೊತ್ತು ಬಾಳುತ್ತದೆ ಎಂಬಂತೆ. "ಬೇಗ ಅಜ್ಜಿ" ಎಂದ.

"ಅಕ್ಕಿ ಆರಿಸೋರಿಗೆ ಬೇಗ ಅಂದ್ರೆ ಹಲ್ಲು ಮುರ್ಕೊಳ್ತೀಯ."

ಆರಿಸಿದ ಚಿತ್ರಗಳು ಅಕ್ಕಿಯಾಗಿದ್ದರೆ ಒಂದು ಸಣ್ಣ ಬಟ್ಟಲು ತುಂಬುವಷ್ಟು ಆದವು. ಚಿಕ್ಕಮ್ಮ ಅವಷ್ಟನ್ನೇ ಒಂದರ ಮೇಲೊಂದು ಕೂರಿಸಿ ಸೇರಿಸಿದರು. ಪರದೆಯ ಮೇಲೆ ಒಂದು ಗ್ರಹ ಮೂಡಿತು. ಎರಡು ಕಂದು ಪಟ್ಟಿ, ಒಂದರ ಅಂಚು ಹರಿದ ಬಟ್ಟೆಯಂತೆ. ಗ್ರಂಥಾಲಯದ್ದಷ್ಟು ಚಂದವಿಲ್ಲ, ಸ್ವಲ್ಪ ಕಾಳುಕಾಳು. ಆದರೆ ಅದು ಕಡಲೆಕಾಳಲ್ಲ, ಯಾರು ಬೇಕಾದರೂ ಹೇಳಬಹುದಿತ್ತು.

ಯೋಸ್ಬೆಲ್ ಮೊದಲು ಬಾಯಿಬಿಟ್ಟ. "ಮತ್ತೆ ಕೆಂಪು ಮಚ್ಚೆ ಎಲ್ಲಿ?"

"ಇವತ್ತು ಆ ಕಡೆಗಿದೆ. ಅವನು ತಿರುಗ್ತಾ ಇರ್ತಾನಲ್ಲ" ಎಂದರು ಚಿಕ್ಕಮ್ಮ.

ಆ ಮಾತು ನನಗೇ ಸಬೂಬಿನಂತೆ ಕೇಳಿಸಿತು. ಗ್ರಂಥಾಲಯದ ಚಿತ್ರದಲ್ಲಿ ಎಲ್ಲರೂ ಗುರುತಿಟ್ಟುಕೊಂಡದ್ದು ಆ ಮಚ್ಚೆಯನ್ನೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಮಾಡಿಯೂ ಹೋಯಿತಲ್ಲ ಎಂದುಕೊಂಡೆ.

ಕಸಿಲ್ದಾ ಅಜ್ಜಿ ಕನ್ನಡಕ ತೆಗೆದು, ಲಂಗದ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಗ್ರಹವನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ ಪೆದ್ದುಗಳಾ" ಎಂದರು. "ಮೋಸ ಮಾಡೋಳು ಮಚ್ಚೆ ಬಿಟ್ಟು ಮೋಸ ಮಾಡ್ತಾಳಾ? ನಾನಾಗಿದ್ರೆ ಎರಡು ಇಡ್ತಿದ್ದೆ." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಬೇರೆ ದನಿಯಲ್ಲಿ, "ನಾನು ಪೈಪಲ್ಲಿ ನೋಡಿದ್ದು ಬರೀ ಕಲ್ಲು ಕಣೇ ಮಿಗ್ದಾಲಿಯಾ. ಅಕ್ಕಿ ಬರೋ ತನಕ ನಾನು ಕಾಯ್ಲಿಲ್ಲ" ಎಂದರು.

ಚಿಕ್ಕಮ್ಮ ಅಜ್ಜಿಯ ಕೈ ಹಿಡಿದುಕೊಂಡು ಆ ಒದ್ದೆ ತಾರಸಿಯ ಮೇಲೆ ಹಾಗೇ ಕೂತರು. ಆಮೇಲೆ ಎದ್ದು ಅಂಚಿಗೆ ಬಂದು, "ಮುಗೀತು! ಒಲೆ ಹಚ್ಚಿ!" ಎಂದು ಕೂಗಿದರು. ಬೀದಿಯುದ್ದಕ್ಕೂ ಒಂದೊಂದೇ ತಾರಸಿಯ ಮೇಲೆ ಇದ್ದಿಲು ಕೆಂಪಾಯಿತು.

ಶನಿವಾರ ರೇನೇರಿಯೊ ಮೇಷ್ಟ್ರು ಹಳೆಯ ಚಿತ್ರವನ್ನೇ ಮತ್ತೆ ಹಾಕಲು ಹೊರಟರು, ಅದು ಹೆಚ್ಚು ಸ್ಪಷ್ಟ ಎಂದು. ಚಿಕ್ಕಮ್ಮ ಒಪ್ಪಲಿಲ್ಲ. "ಅದು ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಅದನ್ನ ತೆಗೆದಾಗ ನಾನೊಬ್ಬಳೇ ಇದ್ದೆ. ಇದನ್ನ ಹಾಕಿ." ಕೆಳಗೆ ಕಸಿಲ್ದಾ, ಯೋಸ್ಬೆಲ್, ಬೀದಿಯವರ ಹೆಸರೂ ಬರೆಯಿರಿ ಎಂದದ್ದಕ್ಕೆ ಅಜ್ಜಿಯೇ ಅಡ್ಡ ಬಂದರು. "ಅಡುಗೆಯವಳ ಹೆಸರು ತಟ್ಟೆ ಮೇಲೆ ಬರೀತಾರಾ? ಅವಳೊಬ್ಬಳದ್ದೇ ಸಾಕು." ಆದರೆ ಇಡೀ ದಿನ ಆ ಚಿತ್ರದ ಪಕ್ಕದಿಂದ ಅವರು ಕದಲಲಿಲ್ಲ. ಬಂದವರಿಗೆಲ್ಲ ಹೇಗೆ ಆರಿಸಿದ್ದು, ಯಾವುದು ಕಲ್ಲು, ಯಾವುದು ಅಕ್ಕಿ ಎಂದು ವಿವರಿಸಿದರು. ಪಕ್ಕದೂರಿನವನೊಬ್ಬ ಇಂಟರ್ನೆಟ್ ಎಂಬ ಶಬ್ದ ಎತ್ತಿದನಂತೆ. ಅವನಿಗೆ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಅಲ್ಲಿಂದ ಬಿಡಿಸಿಕೊಳ್ಳಲಾಗಲಿಲ್ಲ ಎಂದು ಮೇಷ್ಟ್ರು ಹೇಳಿದರು.

ಸೋಮವಾರ ಮೇಲಿನ ಬೀದಿಯ ಆ ಹೆಂಗಸು ಬಂದರು. ಲೈಟರ್ ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದರು. ಸಂಜೆ ಬಂದು ಒಯ್ದರು.

ಆ ವಾರವೆಲ್ಲ ಚಿಕ್ಕಮ್ಮ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮನೆ ಮನೆಗೆ ಹೋಗಿ ಉಪಕಾರ ಹೇಳಿ ಬಂದರು. ನನಗೂ ಒಂದು ಲೋಟ ಕೊಟ್ಟರು. "ಇಷ್ಟು ವರ್ಷ ಗಾಳಿ ಚೆನ್ನಾಗಿದ್ದ ದಿನ ದೇವರಿಗೊಬ್ಬನಿಗೆ ಉಪಕಾರ ಹೇಳಿದ್ರೆ ಸಾಕಾಗ್ತಿತ್ತು" ಎಂದು ಕಾಲು ನೀವಿಕೊಂಡರು. "ಈಗ ನೋಡು, ಎಷ್ಟು ಮೆಟ್ಟಿಲು." ಹೇಳುವಾಗ ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

ಈಗ ಕರೆಂಟ್ ಹೋದ ಸಂಜೆ ಅವರು ಕೊಳವೆಯ ಗೋಣಿ ಎತ್ತಿದ್ದು ಕಂಡರೆ ಬೀದಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ. ಮೊನ್ನೆಯೂ ಹಾಗೇ ಆಯಿತು. ನಾವೆಲ್ಲ ಹಸಿದುಕೊಂಡು ತಾರಸಿಗಳ ಮೇಲೆ ಕೂತಿದ್ದೆವು.

"ಮಿಗ್ದಾಲಿಯಾ! ಮುಗೀತಾ? ನೆನೆದ ಕಾಳು ಮೊಳಕೆ ಬರ್ತಿದೆ!" ಎಂದು ಕಸಿಲ್ದಾ ಅಜ್ಜಿ ಕೂಗಿದರು.

"ಇನ್ನೊಂದ್ ಚೂರು, ಕಸಿಲ್ದಾ. ಗಾಳಿ ಈಗ ನಿಲ್ತಿದೆ."

"ಆಯ್ತು, ತೆಗಿ, ತೆಗಿ. ನಿಧಾನವಾಗೇ ತೆಗಿ."